ಏನು ಲಾಗ ಹಾಕಿದರೂ!

ಗುಂಡ: ಏನ್ ರಾಯರೇ, 48 ಗಂಟೆ ನಿದ್ದೆಗೆಟ್ಟು ‘ಫೈವ್ ನೈನ್, ಫೈವ್ ನೈನ್’ ಅಂತಿದ್ರಿ?

ರಾಯರು: ಸಿಕ್ಯೂ ವರ್ಲ್ಡ್ ವೈಡ್ ಹ್ಯಾಮ್ ರೇಡಿಯೊ ಸ್ಪರ್ಧೆ ಕಣೋ. ‘ನಿಮ್ಮ ಧ್ವನಿ ಸ್ಪಷ್ಟ, ಜೋರು’ ಅಂತ ಅರ್ಥ.

ಗುಂಡ: ಆಮೇಲೆ ‘ಕೇಳಿಸ್ಲಿಲ್ಲ, ಕಾಲ್‌ಸೈನ್ ಇನ್ನೊಂದ್ಸಲ ಹೇಳಿ’ ಅಂದ್ರಲ್ಲ?

ರಾಯರು: ಕೇಳಿಸದಿದ್ರೂ ಫೈವ್ ನೈನೇ. ಅದು ಮರ್ಯಾದೆ.

ಗುಂಡ: ಎದುರುಮನೆ ಶೆಟ್ಟರ ಜತೆ ಮಾತಾಡಿದ್ರೆ?

ರಾಯರು: ನಮ್ಮ ದೇಶದವರು, ಸೊನ್ನೆ ಅಂಕ. ಅಮೆರಿಕದವನಾದ್ರೆ ಮೂರು.

ಗುಂಡ: ಅದಕ್ಕೇ ಮೊನ್ನೆ ಶೆಟ್ಟರಿಗೆ ಕಾಫಿ ಕೊಡಲಿಲ್ಲ ಅನ್ನಿ! ಪವರ್ ಎಷ್ಟು?

ರಾಯರು: ‘ಲೋ ಪವರ್’ ವಿಭಾಗ. 100 ವ್ಯಾಟ್ ಮೀರೋ ಹಾಗಿಲ್ಲ.

ಗುಂಡ: ಅಳೆಯೋರು ಯಾರು?

ರಾಯರು: ನನ್ನ ಆತ್ಮಸಾಕ್ಷಿ.

ಗುಂಡ: ಓಹೋ, ಅದು ಮಾತಾಡಿದಾಗೆಲ್ಲ ನಮ್ಮನೆ ಬಲ್ಬು ಮಿಣುಕ್ತಿತ್ತು!

ರಾಯರು: (ಕೆಮ್ಮಿ) ಜಪಾನಿನವನ ಸಂಪರ್ಕ ಆನ್‌ಲೈನ್‌ನಲ್ಲಿ ಖಾತ್ರಿಯಾಗಬೇಕು. ಲಾಗ್ ಹಾಕಿದೀನಿ, ಸರತಿಯಲ್ಲಿದೆ.

ಗುಂಡ: ಬೆಳಕಿನ ವೇಗದಲ್ಲಿ ಹೋದ ಮಾತು ಈಗ ಕ್ಯೂನಲ್ಲಾ? ಏನು ಲಾಗ ಹಾಕಿದ್ರೂ ಬರಲ್ಲ ಅನ್ನಿ.

ರಾಯರು: ಖಾತ್ರಿ ಮಾಡೋ ಆ ಆನ್‌ಲೈನ್ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ 2024ರ ಮೇನಲ್ಲಿ ಮಲಗಿ ಜುಲೈಗೆ ಎದ್ದಿತ್ತು. ಇದು ಪರವಾಗಿಲ್ಲ.

ಗುಂಡ: ಅಂದ ಹಾಗೆ, ಪೋಸ್ಟ್‌ಮ್ಯಾನ್ ಆ ಜಪಾನಿನವನ ಖಾತ್ರಿ ಕಾರ್ಡು ಕೊಟ್ಟು ಹೋದ.

ರಾಯರು: ಇಷ್ಟು ಬೇಗನಾ? ನಂಬಬೇಡ ಕಣೋ, ಸರ್ವರ್ ಹೇಳಲಿ!