ಮನೆಗೆ ಗಿಟಾರ್ ಬಂದಿದೆ: ಕುಟುಂಬದವರ ಉಪಯೋಗಕ್ಕಾಗಿ ಕೈಪಿಡಿ

ಗಿಟಾರಿನ ಪೆಟ್ಟಿಗೆಯಲ್ಲಿ ಬರುವ ಕೈಪಿಡಿಯನ್ನು ಗಿಟಾರ್ ಕೊಂಡವರಿಗೆಂದೇ ಬರೆದಿರುತ್ತಾರೆ. ಅವರು ಅದನ್ನು ಓದುವುದಿಲ್ಲ. ಆ ವಾದ್ಯದ ಜೊತೆ ಒಂದೇ ಸೂರಿನಡಿ ಬಾಳಬೇಕಾದ ಉಳಿದವರಿಗಾಗಿ ಯಾವ ಕಂಪನಿಯೂ ಒಂದು ಹಾಳೆ ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ. ಆ ಕೊರತೆ ನೀಗಲೆಂದು ಇದನ್ನು ಬರೆದಿದ್ದೇನೆ. ಗಿಟಾರ್ ತಂದವರು ನಿಮ್ಮ ಮಗನಿರಬಹುದು, ಮಗಳಿರಬಹುದು, ಮನೆ ಸಾಲ ತೀರಿದ ಖುಷಿಯಲ್ಲಿರುವ ಯಜಮಾನರೇ ಇರಬಹುದು. ಮುಂದಿನ ಪುಟಗಳಲ್ಲಿ ಅವರನ್ನು 'ಸದರಿಯವರು' ಎಂದು ಕರೆಯಲಾಗುವುದು.

1. ಪೆಟ್ಟಿಗೆ ಬಿಚ್ಚಿದ ಮೇಲೆ

ಒಳಗಿರುವುದು ಇಷ್ಟೇ: ಒಂದು ಒಡಲು, ಒಂದು ಕತ್ತು, ಆರು ಬಿರಡೆ, ಆರು ತಂತಿ. ನೋಡಲು ಸಾಧು ವಸ್ತು. ಆದರೆ ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿನಲ್ಲಿ ಆ ಆರೂ ತಂತಿ ಸೇರಿ ಹಗಲೂ ರಾತ್ರಿ ಸುಮಾರು 70 ಕೆಜಿ ಬಲದಿಂದ ಜಗ್ಗುತ್ತಿರುತ್ತವೆ. ಅಂದರೆ ಒಬ್ಬ ದೊಡ್ಡ ಮನುಷ್ಯನ ಭಾರ. ಅದನ್ನು ತಡೆದು ನಿಂತಿರುವುದು ತೆಳ್ಳನೆಯ ಹಲಗೆ ಮತ್ತು ಅಂಟು. ಆದ್ದರಿಂದ ತಗಡಿನ ಚಾವಣಿಯ ಕೋಣೆ, ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ದೇವರ ದೀಪದ ಪಕ್ಕ, ಇಲ್ಲೆಲ್ಲ ಇಡಬೇಡಿ. ಅಂಟು ಸಡಿಲಾಗಿ, ತಂತಿ ಕಟ್ಟಿರುವ ಬ್ರಿಜ್ ಎದ್ದು ಬರುತ್ತದೆ. ಗಾಳಿಯ ತೇವ ಶೇಕಡ 45ರಿಂದ 55ರ ನಡುವೆ ಇರಬೇಕೆಂದು ತಯಾರಕರು ಹೇಳುತ್ತಾರೆ. ಮಂಗಳೂರಿನ ಆಷಾಢಕ್ಕೂ ಬೆಂಗಳೂರಿನ ಮಾರ್ಚಿಗೂ ಇದನ್ನು ಯಾರೂ ತಿಳಿಸಿದಂತಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಮೇಲೇಳುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ, ಕತ್ತಿನ ಮೇಲಿನ ಫ್ರೆಟ್ ಎಂಬ ಲೋಹದ ಪಟ್ಟಿಗಳ ತುದಿ ಅಂಗೈಗೆ ಗೀರುತ್ತದೆ. ಸದರಿಯವರು ಎರಡಕ್ಕೂ ಹೊಸ ಗಿಟಾರ್ ಬೇಕೆನ್ನುತ್ತಾರೆ. ಎರಡಕ್ಕೂ ಬೇಡ.

ಪೆಟ್ಟಿಗೆಯ ಮೇಲೆ 'ಇಂಡಿಯನ್ ರೋಸ್‌ವುಡ್' ಎಂದಿದ್ದರೆ ಬೆರಗಾಗಬೇಡಿ. ಅದು ನಮ್ಮ ಬೀಟೆ. ಬ್ರೆಜಿಲಿನಿಂದ ರೋಸ್‌ವುಡ್ ದಿಮ್ಮಿ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಈ ಮರಕ್ಕೆ ಕೈಚಾಚಿತು. ಪಶ್ಚಿಮ ಘಟ್ಟದ ಕಾಡಲ್ಲಿ ಬೆಳೆಯುವ ಜಾತಿಯ ಮರ ಹಡಗು ಹತ್ತಿ, ನಯವಾಗಿ ಬಾಗಿ, ಮೆರುಗೆಣ್ಣೆ ಬಳಿಸಿಕೊಂಡು, ಡಾಲರ್ ಬೆಲೆಯೊಂದಿಗೆ ವಾಪಸ್ ಬರುತ್ತದೆ. 2017ರಿಂದ ಕೆಲವು ವರ್ಷ ಇಂಥ ಗಿಟಾರ್ ಗಡಿ ದಾಟಬೇಕಾದರೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಕಾಗದಪತ್ರ ಬೇಕಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ಮಾಹಿತಿಯನ್ನು ಇಲ್ಲಿ ಕೊಟ್ಟಿರುವ ಕಾರಣ ಒಂದೇ: ಮಲೆನಾಡಿನ ನಿಮ್ಮ ಅಜ್ಜನ ಮನೆಯಲ್ಲಿ ಬೀಟೆ ಮಂಚ ಇದ್ದರೆ ಅದನ್ನು ಸದರಿಯವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಇದು ಬರಿಯ ತಮಾಷೆಯಲ್ಲ. 1963ರ ಸುಮಾರಿಗೆ ಲಂಡನ್ನಿನ ಬ್ರಯನ್ ಮೇ ಎಂಬ ಹುಡುಗ ಅಂಗಡಿಯ ಗಿಟಾರ್ ಕೊಳ್ಳಲು ಹಣವಿಲ್ಲದೆ ಅಪ್ಪನ ಜೊತೆ ಸೇರಿ ಮನೆಯಲ್ಲೇ ಒಂದನ್ನು ಮಾಡಲು ಕುಳಿತ. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ತಂತಿಯ ಸ್ವರ ಕುಲುಕಿಸುವ ಸಾಧನಕ್ಕೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಅದರ ಹಿಡಿಗೆ ಸೈಕಲ್ಲಿನ ಸಾಮಾನಿನ ತುಂಡು, ತುದಿಗೆ ಹೆಣಿಗೆ ಕಡ್ಡಿಯ ಚೂರು. ಫ್ರೆಟ್‌ಗಳ ನಡುವೆ ಹೊಳೆಯುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯಿಂದ ಎತ್ತಿದ ಮುತ್ತಿನ ಚಿಪ್ಪಿನ ಗುಂಡಿಗಳು. ಮುಂದೆ ಕ್ವೀನ್ ರಾಕ್ ತಂಡದಲ್ಲಿ ಅವನು ಹೆಚ್ಚಾಗಿ ನುಡಿಸಿದ್ದು ಇದನ್ನೇ, ಅದೂ ಆರು ಪೆನ್ನಿ ನಾಣ್ಯದಿಂದ ಮೀಟಿ. ಆ ತಾಯಿಗೆ ಗುಂಡಿ ಡಬ್ಬಿಯ ಬಗ್ಗೆ ಯಾರೂ ಮುಂಚಿತವಾಗಿ ಎಚ್ಚರಿಸಿರಲಿಕ್ಕಿಲ್ಲ. ನಿಮಗೆ ಎಚ್ಚರಿಸಲಾಗಿದೆ.

2. ಮೊದಲ ತಿಂಗಳುಗಳ ಸದ್ದು

'ಎಫ್' ಎಂಬ ಒಂದು ಕಾರ್ಡ್ (ಸ್ವರಗುಚ್ಛ) ಇದೆ. ತೋರುಬೆರಳನ್ನು ಅಡ್ಡ ಮಲಗಿಸಿ ಮೊದಲ ಫ್ರೆಟ್‌ನಲ್ಲಿ ಆರೂ ತಂತಿಯನ್ನು ಒಟ್ಟಿಗೆ ಒತ್ತಬೇಕು. ಒತ್ತಿದಾಗ ಎರಡು ತಂತಿ ನುಡಿಯುತ್ತವೆ, ನಾಲ್ಕು 'ಥಪ್' ಎನ್ನುತ್ತವೆ. ಬಹಳಷ್ಟು ಗಿಟಾರುಗಳು ಬೀರುವಿನ ಮೇಲೆ ಸೇರುವುದು ಈ ಹಂತದಲ್ಲೇ. ನಿಮಗೆ ಮನಶ್ಶಾಂತಿ ಬೇಕಿದ್ದರೆ ಈಗ ಏನೂ ಮಾತಾಡದೆ ಕಾಯಿರಿ. ಗಿಟಾರ್ ಉಳಿಯಬೇಕೆಂಬ ಆಸೆಯಿದ್ದರೆ 'ಬೆರಳ ತುದಿ ಜಡ್ಡುಗಟ್ಟಿದ ಮೇಲೆ ಸರಿಹೋಗತ್ತೆ ಬಿಡೋ' ಎಂದು ಹೇಳಿ. ಅದು ನಿಜ ಕೂಡ.

3. 'ಟೋನ್' ಎಂಬ ಬಾಧೆ

ಈ ಭಾಗವನ್ನು ನಿಧಾನವಾಗಿ ಓದಿ. ಖರ್ಚೆಲ್ಲ ಇರುವುದು ಇಲ್ಲಿಯೇ.

ಎಲೆಕ್ಟ್ರಿಕ್ ಗಿಟಾರ್ ಬಂದ ಮನೆಯಲ್ಲಿ ಒಂದು ದಿನ ಸದರಿಯವರು ಊಟ ಅರ್ಧಕ್ಕೆ ಬಿಟ್ಟು 'ಟೋನ್ ಸಿಗ್ತಾ ಇಲ್ಲ' ಎನ್ನುತ್ತಾರೆ. ಏನು ಕಳೆದಿದೆ ಎಂದು ಹುಡುಕಲು ಹೋಗಬೇಡಿ. ಅವರಿಗೆ ಬೇಕಾದದ್ದು ಕೊಂಚ ಒಡಕಾದ, ಗಂಟಲು ಕಟ್ಟಿದಂಥ ಒಂದು ನಾದ. ಅದಕ್ಕಾಗಿ ಕಾಲಲ್ಲಿ ಒತ್ತುವ ಪುಟ್ಟ ಲೋಹದ ಡಬ್ಬಿಗಳು ಬರತೊಡಗುತ್ತವೆ. ಇವಕ್ಕೆ ಪೆಡಲ್ ಎಂದು ಹೆಸರು. ಹಸಿರು ಬಣ್ಣದ್ದು ಬಂತೆಂದರೆ ಬಹುಮಟ್ಟಿಗೆ ಅದು 1979ರ ಸುಮಾರಿಗೆ ಜಪಾನಿನಿಂದ ಬಂದ ಟ್ಯೂಬ್ ಸ್ಕ್ರೀಮರ್ ಅಥವಾ ಅದರ ಅಸಂಖ್ಯ ನಕಲುಗಳಲ್ಲೊಂದು. ಅದರೊಳಗೆ ಅಗ್ಗದ ಒಂದು ಚಿಪ್ ಇದೆ, 4558 ಎಂದು. ಅದೇ ಸಂಖ್ಯೆಯ ಹಳೇ ಚಿಪ್ಪಿನಲ್ಲಿ ಹೊಸದರಲ್ಲಿ ಇಲ್ಲದ್ದೇನೋ ಇದೆ ಎಂದು ಸದರಿಯವರು ರಾತ್ರಿ ಒಂದು ಗಂಟೆಗೆ ಮೊಬೈಲಿನಲ್ಲಿ ಹುಡುಕುತ್ತಿರುತ್ತಾರೆ. ಬೇರೆ ಯಾರ ಜೊತೆಗೋ ಚಾಟ್ ಮಾಡುತ್ತಿದ್ದಾರೆಂದು ಅನುಮಾನ ಪಡಬೇಡಿ. ಅಷ್ಟು ಅಗ್ಗದಲ್ಲಿ ಮುಗಿಯುವ ವಿಷಯ ಇದಲ್ಲ.

ಕುಟುಂಬದವರು ಬಾಯಿಪಾಠ ಮಾಡಿಕೊಳ್ಳಬೇಕಾದ ಚರಿತ್ರೆ ಇಲ್ಲಿದೆ. ಈ ಒಡಕು ನಾದ ಹುಟ್ಟಿದ್ದೇ ಕೆಟ್ಟುಹೋದ ಸಾಮಾನಿನಿಂದ. 1958ರಲ್ಲಿ ಗಿಟಾರ್ ವಾದಕ ಲಿಂಕ್ ರೇ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹಾಕಿ 'ರಂಬಲ್' ನುಡಿಸಿದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸ್ಪೀಕರ್ ಸೀಳಿದ. ನ್ಯಾಶ್‌ವಿಲ್ಲಿನ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯುತ್ತಿದ್ದಾಗ ಯಂತ್ರದ ಒಂದು ಚಾನೆಲ್ ಕೈಕೊಟ್ಟು ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದದ್ದು ಗೊರಗೊರ ಎಂದಿತು. ಜನಕ್ಕೆ ಅದೇ ಹಿಡಿಸಿತು. ಆ ದೋಷವನ್ನೇ ಡಬ್ಬಿಗೆ ತುಂಬಿ 1962ರಲ್ಲಿ ಮಾರಾಟಕ್ಕಿಟ್ಟರು, ಫಜ್ ಪೆಡಲ್ ಎಂದು. ಇನ್ನು ಗಿಟಾರ್ ವಾದಕ ಟೋನಿ ಅಯೋಮಿ. ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯಲ್ಲಿ ಕೆಲಸದ ಕಡೆಯ ದಿನ ಯಂತ್ರಕ್ಕೆ ಸಿಕ್ಕಿ ಅವನ ಎರಡು ಬೆರಳ ತುದಿ ಹೋದವು. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ, ಒತ್ತಲು ಸುಲಭವಾಗಲೆಂದು ಸಣ್ಣ ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಇಂದು ಹೆವಿ ಮೆಟಲ್ ಎನ್ನುವ ಆ ಭಾರದ ನಾದದ ಬಹುಪಾಲು ಬಂದದ್ದು ಅಲ್ಲಿಂದ.

ಹೊಸ ಪೆಡಲಿನ ಪ್ರಸ್ತಾಪ ಬಂದಾಗ ಈ ಪ್ಯಾರಾವನ್ನು ಗಟ್ಟಿಯಾಗಿ ಓದಿ ಹೇಳಿ. ಅದಕ್ಕೆ ಮುಂಚೆ ಮನೆಯ ಬ್ಲೇಡು, ಪೆನ್ಸಿಲುಗಳನ್ನು ಎತ್ತಿಡಿ. ಹಾಗೆಯೇ ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು 1954ರಲ್ಲಿ ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ರೇಡಿಯೋ ರಿಪೇರಿಯವನು, ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದನ್ನು ಮಾತ್ರ ಬಾಯಿಬಿಡಬೇಡಿ. ಅಭ್ಯಾಸ ಬಿಡಲು ಅದೇ ನೆಪವಾಗುತ್ತದೆ.

4. ಹೊಸ ಗಿಟಾರ್ ಪತ್ತೆ ಹಚ್ಚುವ ಕ್ರಮ

'ಇದು ಯಾವಾಗ ಬಂತು ರೀ?'
'ಏ, ಅದಾ? ಮುಂಚಿಂದಾನೂ ಇತ್ತಲ್ಲ ಕಣೇ.'

ಇತ್ತೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬೇಡಿ. ಸದರಿಯವರು ಕೊಳ್ಳುವುದೆಲ್ಲ ಒಂದೇ ಬಣ್ಣದ್ದು, ಬೇಕೆಂತಲೇ. ತಂತಿಯ ಕೆಳಗೆ ಕಂಪನ ಹಿಡಿಯುವ ಪಿಕಪ್‌ಗಳನ್ನು ಎಣಿಸಿ. ಸಾಮಾನ್ಯವಾಗಿ ಸ್ಟ್ರಾಟೋಕಾಸ್ಟರಿಗೆ ಮೂರು, ಟೆಲಿಕಾಸ್ಟರಿಗೆ ಎರಡು. ಎತ್ತಿದಾಗ ಭುಜ ಜಗ್ಗಿದರೆ ಅದು ಲೆಸ್ ಪಾಲ್ ಮಾದರಿ, ನಾಲ್ಕು ಕೆಜಿಯ ಆಸುಪಾಸು. ಲೆಕ್ಕ ಬರೆದಿಡಿ. ಗೋಡೆಗೆ ಹೊಸ ಮೊಳೆ ಬಿದ್ದರೆ ಅದನ್ನೂ ಬರೆಯಿರಿ, ಗಿಟಾರಿಗಿಂತ ಮೊದಲು ಬರುವುದು ಮೊಳೆ.

5. ಮನೆಯ ಹಿರಿಯರಿಗೆ

'ಇದು ನಮ್ಮ ವಾದ್ಯವೇ ಅಲ್ಲ' ಎಂದು ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರೆ, ಅವರ ಕಾಲದ ಕನ್ನಡ ಹಾಡೊಂದನ್ನು ಹಾಕಿ ಹಿಂದಿನ ವಾದ್ಯಗಳತ್ತ ಕಿವಿಗೊಡಲು ಹೇಳಿ. ಇಳಯರಾಜ ದೊಡ್ಡ ಹೆಸರಾಗುವ ಮೊದಲು ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸಿಕೊಂಡು, ಸಹಾಯಕರಾಗಿ ದುಡಿದವರು. 1967ರ 'ಕಾಲ್ ಆಫ್ ದಿ ವ್ಯಾಲಿ' ಆಲ್ಬಮ್ಮಿನಲ್ಲಿ ಶಿವಕುಮಾರ ಶರ್ಮರ ಸಂತೂರ್, ಚೌರಾಸಿಯಾ ಅವರ ಬಾನ್ಸುರಿಯ ಜೊತೆ ಬ್ರಿಜಭೂಷಣ ಕಾಬ್ರಾ ಅವರ ಗಿಟಾರ್ ರಾಗವನ್ನೇ ಹಾಡುತ್ತದೆ.

ಮನೆಯಲ್ಲಿ ವೀಣೆ ಕಲಿತ ಅಜ್ಜಿಯಿದ್ದರೆ ನಿಮ್ಮ ಪುಣ್ಯ. ಸದರಿಯವರು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿ 'ಬೆಂಡ್' ಎಂದು ಬೀಗುವಾಗ ಅಜ್ಜಿಯನ್ನು ಕರೆಯಿರಿ. ಮೆಟ್ಟಿಲಿನ ಮೇಲೆ ತಂತಿ ಎಳೆದು ಗಮಕ ತೆಗೆಯುವುದು ಅವರಿಗೆ ಹತ್ತನೇ ವಯಸ್ಸಿನ ಪಾಠ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್ ವೀಣೆ ಅಭ್ಯಾಸ ಮಾಡಿ, 1970ರ ದಶಕದಲ್ಲಿ 'ಶಕ್ತಿ' ತಂಡಕ್ಕೆಂದು ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿದ ಗಿಟಾರ್ ಮಾಡಿಸಿಕೊಂಡರು. ಅಜ್ಜಿ ಇದನ್ನೆಲ್ಲ ಕೇಳಿ 'ಶ್ರುತಿ ಸ್ವಲ್ಪ ಇಳಿದಿದೆ ನೋಡೋ' ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಇಳಿದೇ ಇರುತ್ತದೆ.

6. ದೋಷ, ಪರಿಹಾರ

'ಗುಂಯ್' ಎಂದು ಸದಾ ಗುನುಗುತ್ತಿದ್ದರೆ ದೆವ್ವವಲ್ಲ. ಒಂದೇ ಸುರುಳಿಯ ಪಿಕಪ್ ಮನೆಯ ವಿದ್ಯುತ್ತಿನ ಗುನುಗನ್ನೂ ಹಾಡೆಂದು ಹಿಡಿದುಕೊಳ್ಳುತ್ತದೆ. ಫ್ಯಾನಿನ ರೆಗ್ಯುಲೇಟರಿನಿಂದ ದೂರ ಕೂರಲು ಹೇಳಿ. ಎರಡು ಸುರುಳಿಯನ್ನು ವಿರುದ್ಧವಾಗಿ ಜೋಡಿಸಿ ಗುನುಗು ಕಳೆಯುವ ಹಂಬಕರ್ ಪಿಕಪ್ 1950ರ ದಶಕದಲ್ಲೇ ಬಂದಿದೆ ಎಂಬುದನ್ನು ಹೇಳಬೇಡಿ, ನಾಲ್ಕನೇ ಅಧ್ಯಾಯಕ್ಕೆ ವಾಪಸ್ ಹೋಗಬೇಕಾಗುತ್ತದೆ. ಸದ್ದೇ ಬಾರದಿದ್ದರೆ ಕೇಬಲ್ ನೋಡಿ. ಕೇಬಲ್ ಸರಿಯಿದ್ದೂ ಸದ್ದು ಬಾರದಿದ್ದರೆ ಬಾಗಿಲು ತೆರೆದು ನೋಡಿ, ಸದರಿಯವರು ಮಡಿಲಲ್ಲಿ ಗಿಟಾರ್ ಇಟ್ಟುಕೊಂಡು ಇನ್ನೊಬ್ಬರು ಪೆಡಲ್ ಪರೀಕ್ಷಿಸುವ ವಿಡಿಯೋ ನೋಡುತ್ತಿರುತ್ತಾರೆ.

ನೆಂಟರು ಬಂದಾಗ ಯಾರಾದರೂ 'ಒಂದು ಹಾಡು ನುಡಿಸು' ಎಂದು ಹೇಳಿಯೇ ಹೇಳುತ್ತಾರೆ. ಶ್ರುತಿ ಮಾಡಲು ತಡವಾಗುತ್ತದೆ, ಅಷ್ಟರಲ್ಲಿ ಕಾಫಿ ಕೊಟ್ಟು ಮುಗಿಸಿ. ಹಾಡಿನ ಮೊದಲ ಭಾಗ ಚೆನ್ನಾಗಿಯೇ ಬರುತ್ತದೆ, ಆಮೇಲೆ ಕೈ ನಿಲ್ಲುತ್ತದೆ. ಆಗ ಕೂಡಲೇ ಚಪ್ಪಾಳೆ ತಟ್ಟಿ. ತಡಮಾಡಿದರೆ ಇನ್ನೊಂದು ಹಾಡಿನ ಮೊದಲ ಭಾಗ ಶುರುವಾಗುತ್ತದೆ.