ಸಾಗರ ಕಠಿಣಚರ್ಮಿಗಳ ಪಳೆಯುಳಿಕೆ ಸಂಗ್ರಹ: ಎಡಪ್ಪಳ್ಳಿಯ ನಿವಾಸಿಗಳಿಗೊಂದು ಶಾಸ್ತ್ರೀಯ ವಿವೇಚನೆ

ಏಡಿ, ಸೀಗಡಿ ಮತ್ತವುಗಳ ದಾಯಾದಿಗಳ ಅವಶೇಷಗಳು ದೊರೆಯುವ ಸ್ಥಳಾನುಸಾರ ಎರಡು ವಿಧ: ಬಂಡೆಯಲ್ಲಿ ಸಿಗುವವು ಮತ್ತು ಬಾಳೆಲೆಯಲ್ಲಿ ಸಿಗುವವು. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಎರಡನೆಯ ವಿಧವೇ ಹೇರಳ. ಊರಿನ ಮೇಲ್ಪದರದ ಮರಳು, ಜೇಡಿ ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯವು. ಆದಕಾರಣ ಸಂಗ್ರಾಹಕರು ದಕ್ಷಿಣಕ್ಕೆ ರೈಲು ಹತ್ತುವುದು ವಿಹಿತ. ಕೊಲ್ಲಂ ಬಳಿ, ಅಷ್ಟಮುಡಿ ಹಿನ್ನೀರಿನ ದಂಡೆಯ ಪಡಪ್ಪಕ್ಕರದಲ್ಲಿ ಒಂದೂವರೆ ಕೋಟಿ ವರ್ಷಕ್ಕೂ ಹಳೆಯದಾದ, ಮಯೊಸೀನ್ ಯುಗದ ಸುಣ್ಣಕಲ್ಲು ಮತ್ತು ಜೇಡಿಪದರಗಳಿವೆ. ಇನ್ನೂ ಮುಂದೆ, ತಿರುವನಂತಪುರಂ ಜಿಲ್ಲೆಯ ವರ್ಕಲದ ಕಡಲ ಕಡಿಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಚೀಲದೊಳಗೇ ಇರತಕ್ಕದ್ದು.

ಏಡಿಯ ಕವಚ ಕೈಟಿನ್ ಮತ್ತು ಸುಣ್ಣದಿಂದಾದದ್ದು. ಸತ್ತ ಏಡಿಯ ಕೀಲುಗಳು ಬೇಗ ಕಳಚುತ್ತವೆ, ಅಲೆಗಳು ಚದುರಿಸುತ್ತವೆ. ಕಲ್ಲಾಗಿ ಉಳಿಯುವುದು ಬಹುಮಟ್ಟಿಗೆ ಇಕ್ಕಳಗಾಲಿನ ಗಟ್ಟಿ ತುದಿ. ಭಾನುವಾರದ ಊಟದ ನಂತರ ಉಳಿಯುವುದೂ ಅದೇ ಆದ್ದರಿಂದ ಗೊಂದಲ ಸಹಜ. ಮಸಾಲೆಯ ವಾಸನೆ ಇದ್ದರೆ ಮಯೊಸೀನ್ ಅಲ್ಲವೆಂದು ನಿರ್ಣಯಿಸಬಹುದು.

ಏಡಿಯ ಮುತ್ತಾತನೆಂದು ಮಾರಾಟವಾಗುವ ಟ್ರೈಲೊಬೈಟ್ ಕಠಿಣಚರ್ಮಿಯೇ ಅಲ್ಲ. ಅದರ ವಂಶ 25 ಕೋಟಿ ವರ್ಷಗಳ ಹಿಂದೆಯೇ ನಿಂತಿತು. ಮೊರೊಕ್ಕೊದಿಂದ ಬರುವವುಗಳಲ್ಲಿ ರಾಳದಲ್ಲಿ ಎರಕ ಹೊಯ್ದವೂ ಉಂಟು. ಅಸಲಿಗಿಂತ ಚೆನ್ನಾಗಿರುವುದೇ ನಕಲಿಯ ಲಕ್ಷಣ.

ಮುಕ್ಕಾಗದ ಕಠಿಣಚರ್ಮಿಯೇ ಬೇಕೆಂದರೆ ಆಸ್ಟ್ರಕಾಡ್ ಉತ್ತಮ. ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಿರಿದಾದ ಈ ಜೀವಿಗೆ ಸುಣ್ಣದ ಎರಡು ಚಿಪ್ಪುಗಳು, ಅದಕ್ಕೇ ಬಾಳಿಕೆ. ಜೇಡಿಯನ್ನು ನೀರಿನಲ್ಲಿ ನೆನೆಸಿ, ನಯವಾದ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಬೇಕು. ಆ ಹೊತ್ತಿನಲ್ಲಿ ಸೀನು ನಿಷಿದ್ಧ. ಇದರ ಜಾತಿ ನೋಡಿ ಆ ಪದರ ತೆರೆದ ಕಡಲಿನದೋ ಹಿನ್ನೀರಿನದೋ ಎಂದು ತಜ್ಞರು ಹೇಳಬಲ್ಲರು. ಮನೆಗೆ ಬಂದ ನೆಂಟರಿಗೆ ಮಾತ್ರ ಖಾಲಿ ಗಾಜಿನ ಪಟ್ಟಿ ಕಾಣುತ್ತದೆ. ಇದರಿಂದ ಸಂಗ್ರಹದ ಮೂಲಸೂತ್ರ ಸಿದ್ಧಿಸುತ್ತದೆ: ಮಾದರಿ ಮುಕ್ಕಿಲ್ಲದಷ್ಟೂ ನೋಡುಗರ ಮೆಚ್ಚುಗೆ ಕಡಿಮೆ.

ಪ್ರತಿ ಮಾದರಿಗೂ ಊರು, ಪದರ, ತಾರೀಖು ಬರೆದ ಚೀಟಿ ಕಡ್ಡಾಯ. ಚೀಟಿಯಿಲ್ಲದ ಆಸ್ಟ್ರಕಾಡ್ ತಜ್ಞರ ಪಾಲಿಗೂ ಹೆಚ್ಚೂಕಮ್ಮಿ ಧೂಳು. ಮನೆಮಂದಿ ಚೀಟಿ ಇದ್ದರೂ ಇಲ್ಲದಿದ್ದರೂ ಒರೆಸಿಬಿಡುವುದರಿಂದ ಷೋಕೇಸಿಗೆ ಬೀಗವೂ ಕಡ್ಡಾಯ.