ಪಟ್ಟಿರಾಯರು

ಮಂಗಳವಾರ ರಾತ್ರಿ ಹತ್ತೂವರೆಗೆ ಮೊದಲ ಮೆಸೇಜ್ ಬಂತು. ‘ಹಾಯ್ ಸರ್, ಈ ವೀಕೆಂಡ್ ಮಂಜು ಇರುತ್ತಾ?’

ನಮ್ಮ ತೋಟದಲ್ಲಿ ಮಂಜು ಅಂತ ಒಬ್ಬ ಇದ್ದಾನೆ. ಮೋಟರ್ ಹಾಕುವುದು, ಹಂಡೆಗೆ ಉರಿ ಹಾಕುವುದು, ಬಂದವರ ಬ್ಯಾಗು ಹೊರುವುದು ಅವನ ಕೆಲಸ. ‘ಶನಿವಾರ ಇರ್ತಾನೆ, ಭಾನುವಾರ ರಜ’ ಎಂದು ಉತ್ತರ ಕೊಟ್ಟೆ. ಅಳುವ ಮುಖಗಳು ಮೂರು ಬಂದವು. ‘ಶನಿವಾರ ಎಷ್ಟು ಗಂಟೆಗೆ ಬರುತ್ತೆ ಸರ್?’ ‘ಎಂಟೂವರೆಗೆ. ಹಿಂದಿನ ರಾತ್ರಿ ಕುಡಿದಿದ್ದರೆ ಹತ್ತಾಗುತ್ತೆ.’

ಎರಡು ನಿಮಿಷ ಸದ್ದಿಲ್ಲ. ಆಮೇಲೆ ಫೋನೇ ಬಂತು.

ಹೋಮ್‌ಸ್ಟೇ ಅಂತ ಬೋರ್ಡು ಹಾಕಿಕೊಂಡ ಮೇಲೆ ನನಗೆ ಪರಿಚಯವಾದ ಜಾತಿ ಇದು. ಬೆಂಗಳೂರಿನವರು, ಮದುವೆಯಾಗಿ ಆರೇಳು ವರ್ಷ, ಹೆಂಡತಿಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ಆಫೀಸಿನ ಮೀಟಿಂಗ್ ಮಧ್ಯೆ ಇದ್ದಕ್ಕಿದ್ದಂತೆ ಹೊಳೆದವರು. ಹೊಳೆದ ತಕ್ಷಣ ಪಟ್ಟಿ ಮಾಡಲು ಕೂರುತ್ತಾರೆ. ಹೆಂಡತಿಯ ಪಾಲಿಗೆ ಪತಿರಾಯರು, ನನ್ನ ಪಾಲಿಗೆ ಪಟ್ಟಿರಾಯರು. ವರ್ಷಕ್ಕೆ ಹತ್ತಿಪ್ಪತ್ತು ಜನರಾದರೂ ಬರುತ್ತಾರೆ. ಹೆಸರು, ಕಾರಿನ ಬಣ್ಣ ಬೇರೆ ಬೇರೆ, ಪಟ್ಟಿ ಮಾತ್ರ ಒಂದೇ.

‘ಸರ್, ಕಪಲ್ ಫ್ರೆಂಡ್ಲಿನಾ?’ ಅನ್ನುವುದು ಅವರ ಎರಡನೆಯ ಪ್ರಶ್ನೆ. ನಾನೂ ನನ್ನ ಹೆಂಡತಿಯೂ 31 ವರ್ಷದಿಂದ ಕಪಲ್ಲೇ. ಫ್ರೆಂಡ್ಲಿ ಅಂತ ಬರೆದುಕೊಡುವುದು ಕಷ್ಟ. ನಾಯಿ ಫ್ರೆಂಡ್ಲಿ, ಗ್ಯಾರಂಟಿ ಕೊಡಬಲ್ಲೆ.

ಈ ಸಲದ ಪಟ್ಟಿರಾಯರು ದನಿ ತಗ್ಗಿಸಿದರು. ‘ಸರ್, ಇದು ಸರ್‌ಪ್ರೈಸು. ನನ್ನ ವೈಫ್ ಏನಾದ್ರೂ ಕಾಲ್ ಮಾಡಿದ್ರೆ ನಮ್ಮ ಬುಕಿಂಗೇ ಇಲ್ಲ ಅಂದ್ಬಿಡಿ.’ ಆಯ್ತು ಅಂದೆ. ಅರ್ಧ ಗಂಟೆಗೆ ಇನ್ನೊಂದು ನಂಬರಿನಿಂದ ಫೋನು. ‘ಅಂಕಲ್, ನಮ್ಮನೆಯವ್ರು ಫೋನ್ ಮಾಡಿದ್ರಲ್ಲ, ಸರ್‌ಪ್ರೈಸ್ ಅಂದಿರ್ತಾರೆ. ನಂಗೆ ಗೊತ್ತು ಅಂತ ಹೇಳ್ಬೇಡಿ ಪಾಪ. ಅವರಿಗೆ ಗ್ಯಾಸ್ಟ್ರಿಕ್ಕು, ಸಾರಿಗೆ ಖಾರ ಕಮ್ಮಿ ಹಾಕ್ಸಿ. ಆಮೇಲೆ ಅಂಕಲ್, ಭಾನುವಾರ ಬೆಳಿಗ್ಗೆ ಅವರು ಏನೇ ಹೇಳ್ಲಿ, ನಮ್ಮನ್ನ ಎಬ್ಬಿಸ್ಬೇಡಿ.’

ಇಷ್ಟು ಕ್ಲುಪ್ತವಾದ ಯೋಜನೆಯನ್ನು ನಾನು ಈಚೆಗೆ ಕೇಳಿರಲಿಲ್ಲ.

ರಾಯರ ಯೋಜನೆ ಬುಧವಾರ ಬಂತು, ನಾಲ್ಕು ಬಣ್ಣದ ಎಕ್ಸೆಲ್ ಹಾಳೆಯಲ್ಲಿ. ಹಸಿರು ಪ್ರಯಾಣಕ್ಕೆ, ಹಳದಿ ತಿಂಡಿಗೆ, ನೀಲಿ ಜಾಗಗಳಿಗೆ, ಗುಲಾಬಿ ರೊಮ್ಯಾನ್ಸ್‌ಗೆ. ಬೆಳಿಗ್ಗೆ 5.00 ಮನೆ ಬಿಡುವುದು. 6.50 ಕುಣಿಗಲ್ ಕಡೆ ತಟ್ಟೆ ಇಡ್ಲಿ. 9.40 ಶೆಟ್ಟಿಹಳ್ಳಿ ಚರ್ಚು, 40 ನಿಮಿಷ. ಹೇಮಾವತಿ ಹಿನ್ನೀರಿನಲ್ಲಿ ಪ್ರತಿ ಮಳೆಗಾಲ ಸೊಂಟದವರೆಗೆ ಮುಳುಗಿ ಬೇಸಿಗೆಗೆ ಮತ್ತೆ ಎದ್ದು ನಿಲ್ಲುವ ಪಾಳು ಚರ್ಚದು. ಈಗ ಅಲ್ಲಿ ಪ್ರಾರ್ಥನೆಗಿಂತ ಪ್ರಿ-ವೆಡ್ಡಿಂಗ್ ಫೋಟೋ ಜಾಸ್ತಿ. 12.30 ಚೆಕ್-ಇನ್. 4.00 ಮಂಜರಾಬಾದ್ ಕೋಟೆ. 5.45ರಿಂದ 6.15, ಗುಲಾಬಿ ಬಣ್ಣದಲ್ಲಿ, ‘ಮನಸ್ಸು ಬಿಚ್ಚಿ ಮಾತು’. ಅದರ ಮುಂದೆ ಆವರಣದೊಳಗೆ ‘ಬಫರ್ 10 ನಿಮಿಷ’. 7.30 ಕೆರೆ ಪಕ್ಕ ಕ್ಯಾಂಡಲ್ ಲೈಟ್ ಡಿನ್ನರ್. ಭಾನುವಾರ 5.30 ಬಿಸಿಲೆ ಸೂರ್ಯೋದಯ.

ಸೋಮವಾರವೂ ರಜ ಹಾಕಿದರೆ ಇರಲಿ ಅಂತ ಕೆಳಗೆ ರೈಲೂ ಇತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಾಟಿಯ ಹಳಿ 55 ಕಿಲೋಮೀಟರು, ಸುರಂಗ 57. 2021ರಿಂದ ಈ ದಾರಿಯಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಓಡುತ್ತಿದೆ. ರಾಯರು ಗುಲಾಬಿ ಬಣ್ಣದಲ್ಲಿ ಬರೆದಿದ್ದರು: ‘ಪ್ರತಿ ಸುರಂಗದಲ್ಲೂ ಕೈ ಹಿಡಿಯುವುದು.’ ಐವತ್ತೇಳು ಸಲ ಹಿಡಿದು ಐವತ್ತೇಳು ಸಲ ಬಿಡಬೇಕು. ಒಮ್ಮೆ ಹಿಡಿದು ಸುಮ್ಮನೆ ಕೂತರಾಗದೆ ಅಂತ ನನಗನಿಸಿತು. ಪಟ್ಟಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಭಾನುವಾರದ ಸಾಲಿನಲ್ಲಿ ‘ಅರ್ಜುನನ ಸಮಾಧಿ, 20 ನಿಮಿಷ’ ಅಂತಲೂ ಇತ್ತು. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ, 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ಇಪ್ಪತ್ತು ನಿಮಿಷ. ಅದನ್ನು ಮಾತ್ರ ನಾನೇ ಹೊಡೆದುಹಾಕಿ ವಾಪಸ್ ಕಳಿಸಿದೆ.

ಶನಿವಾರ ಮೂರೂ ಹತ್ತಕ್ಕೆ ಬಂದರು. ಆಲೂರು, ಪಾಳ್ಯ, ಬಾಳ್ಳುಪೇಟೆ ದಾಟುವಷ್ಟರಲ್ಲಿ ಬಫರೆಲ್ಲ ಖರ್ಚಾಗಿತ್ತು. ರಾಯರ ಕಾಲಲ್ಲಿ ಹೊಸ ಟ್ರೆಕಿಂಗ್ ಶೂ, ಬೆಲೆಯ ಚೀಟಿ ಇನ್ನೂ ಅಡಿಗೆ ಅಂಟಿಕೊಂಡಿತ್ತು. ಆಕೆ ಕಾರಿನಿಂದ ಇಳಿದು ಮೈ ಮುರಿದು ‘ಅಯ್ಯೋ, ಸರ್‌ಪ್ರೈಸ್!’ ಅಂದಳು. ನನ್ನ ಕಡೆ ನೋಡಲಿಲ್ಲ. ಒಳ್ಳೆ ನಟಿ. ಕುತ್ತಿಗೆಗೆ ಹಾಕಿಕೊಳ್ಳುವ ಪ್ರಯಾಣದ ದಿಂಬನ್ನು ಮಾತ್ರ ಮನೆಯಿಂದಲೇ ತಂದಿದ್ದಳು.

ಕಾಫಿ ಕುಡಿಯಲೂ ಬಿಡದೆ ಕೋಟೆಗೆ ಹೊರಡಿಸಿದರು. ದಾರಿ ತೋರಿಸಲು ನಾನೂ ಹತ್ತಿಕೊಂಡೆ. ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಆರು ಕಿಲೋಮೀಟರಿಗೆ ದೋಣಿಗಲ್, ಅಲ್ಲಿಂದ ಇನ್ನೂರೈವತ್ತರ ಆಸುಪಾಸು ಮೆಟ್ಟಿಲು. ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ತೊಂದರೆ ಏನೆಂದರೆ ನಕ್ಷತ್ರ ಕಾಣುವುದು ಹದ್ದಿಗೆ ಮಾತ್ರ. ಹತ್ತಿ ನಿಂತವರಿಗೆ ಗೋಡೆ, ಮೂಲೆ, ಮತ್ತೆ ಗೋಡೆ. ಏದುಸಿರು ಬಿಡುತ್ತ ಹತ್ತಿದ ರಾಯರು ಕೋಟೆಯ ನಟ್ಟನಡುವೆ ನಿಂತು ಫೋನಿನಲ್ಲಿ ಕೋಟೆಯ ಉಪಗ್ರಹದ ಚಿತ್ರ ತೆಗೆದರು. ‘ನೋಡು, ನಾವು ಇಲ್ಲಿದ್ದೀವಿ. ಈ ನೀಲಿ ಚುಕ್ಕೆ.’ ಆಕೆ ಕೋಟೆಯನ್ನೂ ನೋಡಲಿಲ್ಲ, ಚುಕ್ಕೆಯನ್ನೂ ನೋಡಲಿಲ್ಲ. ಗೋಡೆಯ ಕಿಂಡಿಯೊಂದರ ಪಕ್ಕ ಕೂತು, ಘಾಟಿಯಿಂದ ಮೇಲೇರಿ ಬರುತ್ತಿದ್ದ ಬಿಳಿ ಹೊಗೆಯಂಥದ್ದನ್ನು ನೋಡುತ್ತಿದ್ದಳು. ಮಂಜು ಬಂತು. ಈ ಮಂಜಿನಿಂದಲೇ ಮಂಜರಾಬಾದ್ ಅಂತ ಹೆಸರು ಬಂತು ಅಂತ ನಮ್ಮ ಕಡೆ ಹೇಳುತ್ತಾರೆ. ಐದು ನಿಮಿಷದಲ್ಲಿ ರಾಯರಿಗೆ ಹೆಂಡತಿಯೂ ಕಾಣಲಿಲ್ಲ. ‘ಎಲ್ಲಿದ್ದೀಯಾ?’ ಅಂತ ಕೂಗಿದರು. ‘ನೀಲಿ ಚುಕ್ಕೆ ನೋಡ್ಕೋ’ ಅಂತ ಮಂಜಿನೊಳಗಿಂದ ಉತ್ತರ ಬಂತು.

‘ಮನಸ್ಸು ಬಿಚ್ಚಿ ಮಾತು’ ವಾಪಸ್ ಬರುವ ದಾರಿಯಲ್ಲಿ, ಕಾರಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಇದ್ದಾಗಲೇ ನಡೆಯಿತು. ವಿಷಯ: ಅಡುಗೆಮನೆಯ ಚಿಮಣಿ ರಿಪೇರಿ.

ಕೆರೆ ಪಕ್ಕ ಮಂಜು (ಬರ್ತಾನೆ ಅನ್ನುವ ಮಂಜು) ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಅತ್ತಿ ಮರದ ಬುಡದಲ್ಲಿ ಒದ್ದೆ ಸೌದೆಗೆ ಬೆಂಕಿ ಹಚ್ಚುವ ಸಾಹಸ ಮಾಡುತ್ತಿದ್ದ. ಸೆಪ್ಟೆಂಬರ್ ತಿಂಗಳು, ಸೌದೆಯಿಂದ ಹೊಗೆ ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಏಳು ನಲವತ್ತಕ್ಕೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್: ನಮ್ಮ ಪಕ್ಕದ ತೋಟದಲ್ಲಿ ಆನೆ ಇದೆ, ಯಾರೂ ಹೊರಗೆ ಓಡಾಡಬೇಡಿ. ಆಲೂರು, ಸಕಲೇಶಪುರದ ಕಡೆ ಇದು ದಿನದ ಮಾತು. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೆಸೇಜ್ ಕಳಿಸುತ್ತಾರೆ, ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಇದೆ. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರೂ ಸಂತತಿ ಕಮ್ಮಿಯಾಗಲಿಲ್ಲ. ‘ಭೀಮನಾ?’ ಅಂತ ಮಂಜು ಕೇಳಿದ, ನೆಂಟರ ಬಗ್ಗೆ ಕೇಳಿದ ಹಾಗೆ. ಭೀಮ ಅನ್ನುವುದು ಈ ಸೀಮೆಯಲ್ಲಿ ಎಂಎಲ್‌ಎಗಿಂತ ಹೆಚ್ಚು ಜನಕ್ಕೆ ಮುಖಪರಿಚಯ ಇರುವ ಸಲಗ.

ರಾಯರು ಕೇಳಿದರು: ‘ಸರ್, ಎಷ್ಟೊತ್ತಿಗೆ ಹೋಗುತ್ತೆ? ಒಂಬತ್ತಕ್ಕೆ ರೀಶೆಡ್ಯೂಲ್ ಮಾಡ್ಬಹುದಾ?’

ಆನೆಯ ಹಾಳೆ ನನ್ನ ಹತ್ತಿರ ಇರಲಿಲ್ಲ. ಎಲ್ಲರೂ ಒಳಗೆ ಬಂದೆವು. ಕ್ಯಾಂಡಲ್ಲು ಕರೆಂಟ್ ಹೋದಾಗ ಉಪಯೋಗಕ್ಕೆ ಬಂತು. ಅಡುಗೆಮನೆಯಲ್ಲಿ ನನ್ನವಳು ಕಡುಬಿನ ಪಾತ್ರೆ ಇಳಿಸುತ್ತಿದ್ದಳು. ಆ ಹುಡುಗಿ ಡೈನಿಂಗ್ ಟೇಬಲ್ ದಾಟಿ ನೇರ ಒಳಗೆ ಹೋಗಿ ಒಲೆ ಪಕ್ಕ ಮಣೆ ಹಾಕಿಕೊಂಡು ಕೂತಳು. ‘ಆಂಟಿ, ಇಲ್ಲೇ ಬಡಿಸಿ. ಬೇರೆಯವರು ಮಾಡಿದ್ದನ್ನ ಬಿಸಿಬಿಸಿ ತಿಂದು ಎಷ್ಟು ದಿನ ಆಯ್ತೋ.’ ಹಬೆಯಾಡುವ ಕಡುಬನ್ನು ಬೆರಳಲ್ಲಿ ಒಡೆದು, ಗುಳಿ ಮಾಡಿ, ಅದಕ್ಕೆ ಕೋಳಿ ಸಾರು ಬಿಟ್ಟುಕೊಂಡು, ಊದಿಕೊಂಡು, ಏಳು ಕಡುಬು ತಿಂದಳು. ಖಾರ ಕಮ್ಮಿ ಮಾಡಿದ್ದು ಬೇರೆ ಪಾತ್ರೆಯಲ್ಲಿತ್ತು, ಅದು ರಾಯರಿಗೆ. ಅತ್ತೆ, ಆಫೀಸು, ಮಗು ಯಾವಾಗ ಅಂತ ಕೇಳುವ ನೆಂಟರು, ಎಲ್ಲ ಹೊರಗೆ ಬಂತು. ಇಬ್ಬರು ಹೆಂಗಸರ ನಗು ಹತ್ತೂವರೆವರೆಗೂ ಕೇಳುತ್ತಿತ್ತು. ಮನಸ್ಸು ಬಿಚ್ಚಿದ್ದು ಆಗಲೇ. ರಾಯರು ಹಾಲಿನ ಕಿಟಕಿಯಲ್ಲಿ ಟಾರ್ಚು ಹಿಡಿದು ಆನೆಗೆ ಕಾಯುತ್ತಿದ್ದರು. ಆನೆ ಬರಲಿಲ್ಲ. ಅದಕ್ಕೂ ಬೇರೆ ಏನೋ ಪ್ಲಾನ್ ಇದ್ದಿರಬೇಕು.

ಭಾನುವಾರ ಐದಕ್ಕೆ ಅಲಾರಂ ಹೊಡೆದುಕೊಂಡಿತು. ಆರಕ್ಕೆ ರಾಯರೊಬ್ಬರೇ ಶೂ ಹಾಕಿಕೊಂಡು ಜಗುಲಿಯಲ್ಲಿ ಶತಪಥ ತುಳಿಯುತ್ತಿದ್ದರು. ‘ಎಬ್ಬಿಸ್ಲಾ ಸರ್?’ ‘ನನ್ನನ್ನ ಕೇಳ್ಬೇಡಿ’ ಅಂದೆ. ಕೊಟ್ಟ ಮಾತು ಕೊಟ್ಟಿದ್ದೇ. ಒಂಬತ್ತೂವರೆಗೆ ಆಕೆ ಎದ್ದು ಬಂದಾಗ ಮುಖ ಇಸ್ತ್ರಿ ಮಾಡಿದ ಹಾಗಿತ್ತು.

ಹತ್ತಕ್ಕೆ ಬಿಸಿಲೆಗೆ ಹೊರಟಾಗ ನನ್ನವಳು ಸೀರೆ ಬದಲಾಯಿಸಿ ಬಂದು ‘ನಾನೂ ಬರ್ತೀನಿ, ನೋಡಿಲ್ಲ’ ಅಂದಳು. ಮದುವೆಯಾಗಿ ಬಂದು 31 ವರ್ಷ, ಬಿಸಿಲೆ ಐವತ್ತು ಕಿಲೋಮೀಟರೂ ಇಲ್ಲ. ನೋಡಿಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಅವತ್ತು. ತಪ್ಪು ನನ್ನದಲ್ಲ, ಕಾಫಿಯದು. ಮಾರ್ಚ್‌ನಲ್ಲಿ ಹೂಮಳೆ ಕಾಯಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ, ಬೋರ್ಡೋ ಸಿಂಪಡಣೆ. ಮಳೆ ಹಿಡಿದರೆ ಕೊಳೆರೋಗ, ಮಳೆ ಬಿಟ್ಟರೆ ಕಳೆ. ನವೆಂಬರಿಗೆ ಅರೇಬಿಕಾ ಕೊಯ್ಲು, ಅದು ಮುಗಿಯಿತು ಅನ್ನುವಾಗ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ಮದುವೆಯಾದ ಹೊಸದರಲ್ಲಿ ಒಮ್ಮೆ ಸುಬ್ರಹ್ಮಣ್ಯ, ಧರ್ಮಸ್ಥಳಕ್ಕೆ ಹೋಗಿದ್ದೆವು, ಹನಿಮೂನೆಂದರೆ ಅದೇ. ಒಂದೇ ಜೀಪು, ಹನ್ನೊಂದು ಜನ, ನಮ್ಮಿಬ್ಬರ ಮಧ್ಯೆ ನಮ್ಮ ಸೋದರತ್ತೆ.

ಬಿಸಿಲೆಯ ಅಟ್ಟಣೆಯಿಂದ ಎದುರಿಗೆ ಕುಮಾರ ಪರ್ವತ, ದೊಡ್ಡಬೆಟ್ಟ ಎಲ್ಲ ಸಾಲಾಗಿ ಕಾಣಬೇಕು. ಅವತ್ತು ಬಿಳಿ ಪಂಚೆ ಒಣಹಾಕಿದ ಹಾಗೆ ಮಂಜು, ಬೇರೇನಿಲ್ಲ. ರಾಯರು ಪಟ್ಟಿಯಲ್ಲಿ ಟಿಕ್ ಹಾಕುವುದೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದರು. ಅದಕ್ಕೂ ಮುಂಚೆ ಮಂಕನಹಳ್ಳಿ ಹತ್ತಿರ ಇಳಿದಿದ್ದೆವು. ಅಲ್ಲೊಂದು ಏಣು, ಗುರುತಿಗೆ ಕಲ್ಲು ಇದೆ. ಅದರ ಪೂರ್ವಕ್ಕೆ ಬಿದ್ದ ಹನಿ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಫೋಟೋಕ್ಕೆ ಅಂತ ರಾಯರು ಹೆಂಡತಿಯನ್ನು ಕಲ್ಲಿನ ಆ ಕಡೆ ನಿಲ್ಲಿಸಿ ತಾವು ಈ ಕಡೆ ನಿಂತರು. ಜಡಿಮಳೆ ಶುರುವಾಯಿತು. ಗಂಡನ ತಲೆಯ ನೀರು ಮಂಗಳೂರಿಗೆ, ಹೆಂಡತಿಯದು ತಮಿಳುನಾಡಿಗೆ. ಛತ್ರಿ ಒಂದೇ ಇತ್ತು, ಅದು ಕಾರಿನಲ್ಲಿತ್ತು, ಪಟ್ಟಿಯಲ್ಲಿ ಅದಕ್ಕೆ ಟಿಕ್ಕೂ ಬಿದ್ದಿತ್ತು.

ಆಗಲೇ ಇಂಬಳ ಹತ್ತಿದ್ದು. ರಾಯರು ಇಂಬಳಕ್ಕೆಂದೇ ಮೊಣಕಾಲಿನವರೆಗೆ ಬರುವ ಕಾಲುಚೀಲ ತರಿಸಿ ಹಾಕಿಕೊಂಡಿದ್ದರು. ಇಂಬಳ ಆ ಗೊಡವೆಗೆ ಹೋಗದೆ ಸೀದಾ ಕಿವಿಯ ಹಿಂದೆ ಕಚ್ಚಿಕೊಂಡಿತ್ತು. ನೋಡಿಕೊಂಡವರೇ ಬೆಳ್ಳಗಾದರು. ನನ್ನವಳು ಸೆರಗಿನ ಗಂಟಿನಿಂದ ಉಪ್ಪು ತೆಗೆದು ಆ ಹುಡುಗಿಯ ಅಂಗೈಗೆ ಹಾಕಿದಳು. ಆಕೆ ಅವನ ಗದ್ದ ಹಿಡಿದು ಮುಖ ವಾರೆ ಮಾಡಿ, ‘ಅಲ್ಲಾಡ್ಬೇಡ ಕಣೋ’ ಅಂತ ಗದರುತ್ತ, ಉಪ್ಪು ಒತ್ತಿದಳು. ಇಂಬಳ ಸುರುಟಿ ಉದುರಿತು. ರಕ್ತ ನಿಲ್ಲಲಿಲ್ಲ, ಇಂಬಳ ಕಚ್ಚಿದರೆ ಬೇಗ ನಿಲ್ಲುವುದಿಲ್ಲ. ದುಪಟ್ಟಾದ ತುದಿ ಅದುಮಿ ಹಿಡಿದು, ಉರಿಯುತ್ತೇನೋ ಅಂತ ಮೆಲ್ಲಗೆ ಊದುತ್ತಿದ್ದಳು. ಪಟ್ಟಿರಾಯರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಫೋನು ಜೇಬಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತಿತ್ತು, ಮುಂದಿನ ಜಾಗಕ್ಕೆ ಹೊತ್ತಾಯಿತು ಅಂತ. ಇಬ್ಬರೂ ಅದರ ಕಡೆ ಹೋಗಲಿಲ್ಲ. ನಾನು ಬೇರೆ ಕಡೆ ನೋಡಿದೆ. ನನ್ನವಳು ಬೇರೆ ಕಡೆ ನೋಡಲಿಲ್ಲ.

ಸಂಜೆ ಹೊರಡುವಾಗ ರಾಯರು ‘ಸರ್, ನಿಮಗೂ ಟೆಂಪ್ಲೇಟ್ ಕಳಿಸ್ತೀನಿ, ತುಂಬಾ ಯೂಸ್‌ಫುಲ್ಲು’ ಅಂದರು. ಪ್ಲಾನ್ ಕೆಟ್ಟಿತು ಅನ್ನುವ ಸುಳಿವೂ ಅವರಿಗಿರಲಿಲ್ಲ. ಶೇಕಡಾ ಎಪ್ಪತ್ತು ಟಿಕ್ ಆಗಿದೆಯಂತೆ.

ಅವರ ಕಾರು ಗೇಟು ದಾಟಿದ ಮೇಲೆ ನನ್ನವಳು ಲೋಟ ಎತ್ತಿಕೊಳ್ಳುತ್ತ ಅಂದಳು: ‘ರೀ, ಆ ಗಾಜಿನ ರೈಲಲ್ಲಿ ಒಂದ್ಸಲ ಮಂಗಳೂರಿಗೆ ಹೋಗೋಣ. ಆ ಕಲ್ಲಿನ ಪಶ್ಚಿಮಕ್ಕೆ ಬಿದ್ದ ನೀರು ಹೋಗಿ ಸೇರೋ ಸಮುದ್ರ ನೋಡ್ಬೇಕು.’

ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು, ನೆಪ ಸಿಗಲಿಲ್ಲ. ರಾತ್ರಿ ಕೂತು ಬರೆದೆ. 1. ಮಾಡಿಗೆ ಹಂಚು, ಇನ್ನೂರು, ರೇಟು ವಿಚಾರಿಸುವುದು. 2. ಅಡಿಕೆ ಧಾರಣೆ. 3. ಕಣ್ಣಿನ ಡಾಕ್ಟರು. 4. ಸ್ಪ್ರೇಯರಿನ ನಾಜಲ್. 5. ಒಣಮೀನು... ಹೀಗೆ ಹನ್ನೊಂದಾಯಿತು. ಹನ್ನೊಂದನೆಯದು ‘ಸಮುದ್ರ, ಟೈಮ್ ಇದ್ದರೆ’. ಬೆಳಿಗ್ಗೆ ನೋಡಿದರೆ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು: ‘12. ನಾನು.’

ಅಳಿಸಿ ಆರನೆಯದಕ್ಕೆ ತಂದಿದ್ದೇನೆ. ಅದಕ್ಕಿಂತ ಮೇಲೆ ತರುವುದು ಕಷ್ಟ. ಹಂಚಿನ ಅಂಗಡಿಯವರು ಒಂದು ಗಂಟೆಗೆ ಊಟಕ್ಕೆ ಬಾಗಿಲು ಹಾಕುತ್ತಾರೆ.